ಸಿಲಿಂಡರಿನ ಪಕ್ಕದ ಸ್ಟೂಲು

ನನ್ನ ಮದುವೆಯಾಗಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಭಾನುವಾರ ಸಂಜೆ ಎಮ್ಮೆ ಹಿಂಡಲು ಕೂತಿದ್ದಾಗ ಕಬ್ಬೂರಿನ ನಮ್ಮ ಮನೆಯ ಮುಂದೆ ಟೆಂಪೋ ಬಂದು ನಿಂತಿತು. ಕಬಡ್ಡಿ ತಂಡದವರು ಒಬ್ಬೊಬ್ಬರಾಗಿ ಇಳಿದರು. ಕೊನೆಗೆ ಇಬ್ಬರು ಸೇರಿ ನನ್ನ ಗಂಡನನ್ನು ಎರಡೂ ಕಡೆ ಹಿಡಿದು ಇಳಿಸಿದರು. ಮೈತುಂಬ ಮಣ್ಣು. ಕಣ್ಣು ತೆರೆದೇ ಇತ್ತು, ಆದರೆ ಯಾವುದನ್ನೂ ನೋಡುತ್ತಿರಲಿಲ್ಲ.

"ಏನೂ ಆಗಿಲ್ಲ ಬಿಡ್ರಿ. ತಲಿಗಿ ಸಣ್ಣ ಪೆಟ್ಟ ಬಿದ್ದೈತಿ. ಒಂದ್ ನಿದ್ದಿ ಹೊಡದ್ರ ಸರಿ ಹೋಗ್ತಾನ" ಅಂದರು.

ರಾಯಬಾಗದಲ್ಲಿ ಪಂದ್ಯ ಇತ್ತು. ನನ್ನ ಗಂಡ ಎಡ ಮೂಲೆಯಲ್ಲಿ ನಿಂತು ಎದುರಾಳಿಯ ಕಾಲು ಹಿಡಿಯುವವರು. ಒಬ್ಬನ ಹಿಮ್ಮಡಿಗೆ ಜಿಗಿದಿದ್ದಾರೆ, ಹಿಂದಿನಿಂದ ಬಂದ ತಮ್ಮ ತಂಡದವನದೇ ಮೊಣಕಾಲು ಕಿವಿಯ ಹಿಂದೆ ಬಡಿದಿದೆ. ಬಿದ್ದವರು ಎದ್ದು ಆಟ ಮುಂದುವರಿಸಿದ್ದಾರೆ. ವಿರಾಮದಲ್ಲಿ ಮಾತ್ರ ಎದುರು ತಂಡದವರ ನಡುವೆ ಹೋಗಿ ಕೂತುಬಿಟ್ಟರಂತೆ. ಅದನ್ನು ಹೇಳುತ್ತ ತಂಡದವರು ನಗುತ್ತಿದ್ದರು. ಅತ್ತೆಯೂ ಸ್ವಲ್ಪ ನಕ್ಕರು. ಅಷ್ಟರಲ್ಲಿ ಇವರು ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡಿದರು, ಆಮೇಲೆ ತಾಯಿಯ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಯವ್ವಾ, ಈಕಿ ಯಾರಬೇ?"

ನಗು ಅಲ್ಲಿಗೆ ನಿಂತಿತು. ಟೆಂಪೋದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಕೈಯಲ್ಲಿ ಹಾಲಿನ ಚರಿಗೆ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತೆ.

ನನ್ನ ತವರು ಕೊಗನೊಳ್ಳಿ. ನಿಪ್ಪಾಣಿ ದಾಟಿ ಹೆದ್ದಾರಿ ಮಹಾರಾಷ್ಟ್ರಕ್ಕೆ ಹೊರಳುವಲ್ಲಿ ಇರುವ ಊರು. ನಮ್ಮ ಮನೆಯಲ್ಲಿ ಮರಾಠಿ, ನಾನು ಕಲಿತ ಶಾಲೆಯೂ ಮರಾಠಿ. ಸಂತೆಯಲ್ಲಿ ಬೇಕಾಗುವಷ್ಟು ಕನ್ನಡ ಬರುತ್ತಿತ್ತು, ಮನೆ ನಡೆಸುವಷ್ಟು ಬರುತ್ತಿರಲಿಲ್ಲ. ಕಬ್ಬೂರಿನ ಈ ಮನೆಯಲ್ಲಿ ಎಲ್ಲರೂ ವೇಗವಾಗಿ ಮಾತಾಡುತ್ತಿದ್ದರು. ಅರ್ಧ ತಿಳಿಯುತ್ತಿತ್ತು, ಇನ್ನರ್ಧಕ್ಕೆ ತಲೆಯಾಡಿಸುತ್ತಿದ್ದೆ. ಗಂಡನ ಜೊತೆಗಂತೂ ಹಗಲು ಹೊತ್ತು ಮಾತಾಡುವ ರೂಢಿಯೇ ಇರಲಿಲ್ಲ. ಅವರು ಹೊಲಕ್ಕೆ ಹೋದರೆ ಸಂಜೆ, ಕಬಡ್ಡಿಗೆ ಹೋದರೆ ಇನ್ನೂ ತಡ. ಮೂರು ತಿಂಗಳಲ್ಲಿ ನಾವಿಬ್ಬರೂ ಆಡಿದ ಮಾತನ್ನೆಲ್ಲ ಒಂದು ಕಾಗದದಲ್ಲಿ ಬರೆದು ಮುಗಿಸಬಹುದಿತ್ತು.

ಮರುದಿನ ಬೆಳಿಗ್ಗೆ ಅವರಿಗೆ ನನ್ನ ಗುರುತು ಸಿಕ್ಕಿತು. ಹೆಸರು ಬರಲಿಲ್ಲ, ಊರು ಬಂತು. "ಕೊಗನೊಳ್ಳಿ" ಎಂದು ಕರೆದರು. ನಾನು ಓ ಎಂದೆ. ಆಮೇಲೆ ಎರಡು ಸಲ ವಾಂತಿಯಾಯಿತು. ಕಿಟಕಿಯ ಬೆಳಕು ಕಣ್ಣಿಗೆ ಸೂಜಿಯಂತೆ ಚುಚ್ಚುತ್ತದೆ ಎಂದು ಹೊದ್ದ ಬಟ್ಟೆಯಿಂದ ಮುಖ ಮುಚ್ಚಿಕೊಂಡರು. ಮಾವ ಜೀಪು ತರಿಸಿ ಚಿಕ್ಕೋಡಿಗೆ ಕರೆದೊಯ್ದರು.

ಅಲ್ಲಿ ಆರೇಳು ಕೋಣೆಗಳ ಒಂದು ಸಣ್ಣ ಆಸ್ಪತ್ರೆ. ವೈದ್ಯರು ಐವತ್ತರ ಆಸುಪಾಸಿನವರು, ಸಣಕಲು ಮೈ, ಮೆಲುದನಿ. ಕಣ್ಣಿಗೆ ಬ್ಯಾಟರಿ ಹಿಡಿದು ನೋಡಿದರು, ಒಂದು ಗೆರೆಯ ಮೇಲೆ ನಡೆಸಿದರು, ಮಿರಜಿಗೆ ಕಳಿಸಿ ತಲೆಯ ಚಿತ್ರ ತೆಗೆಸಿದರು. ಅದನ್ನು ನೋಡಿ ಮಾವನಿಗೆ ಹೇಳಿದರು:

"ಒಳಗ ರಕ್ತ ಇಲ್ಲ, ಎಲುಬು ಒಡದಿಲ್ಲ. ಮಿದುಳು ಅಲುಗಾಡೈತಿ ಅಷ್ಟ. ಆದ್ರ ಅಷ್ಟ ಅಂತ ಹಗುರ ತಿಳೀಬ್ಯಾಡ್ರಿ. ಕತ್ತಲಕೋಣ್ಯಾಗ ಮಲಗಸ್ರಿ, ಕೆಲಸ ಹಚ್ಚಬ್ಯಾಡ್ರಿ. ತಲಿಗಿ ಇನ್ನೊಂದ ಪೆಟ್ಟ ಬೀಳಬಾರ್ದು."

ಒಂದು ವಾರ ಹೋಯಿತು, ಎರಡಾಯಿತು, ನಾಲ್ಕಾಯಿತು. ತಲೆನೋವು ಇಳಿಯಲಿಲ್ಲ. ಕಾಳು ಇಟ್ಟ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಮಲಗಿರುತ್ತಿದ್ದರು. ಪಾತ್ರೆ ಕೆಳಗೆ ಬಿದ್ದರೆ ಬೆಚ್ಚುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಅವರನ್ನು ಕಾಡಿದ್ದು ಮಾತು. ಹೇಳಬೇಕಾದ ಪದ ನಾಲಿಗೆಯವರೆಗೆ ಬಂದು ನಿಲ್ಲುತ್ತಿತ್ತು. "ಅದನ್ನ ಕೊಡ... ಅದು... ನೀರ ಕುಡೀತಾರಲ್ಲ, ಅದು" ಎಂದು ಕೈಯಿಂದ ತೋರಿಸಿ, ಲೋಟ ಎಂಬ ಪದ ಸಿಗದೆ ಗೋಡೆಯ ಕಡೆ ಹೊರಳಿಬಿಡುತ್ತಿದ್ದರು. ಅತ್ತೆ ಹೊರಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಅಳು ಬರುತ್ತಿರಲಿಲ್ಲ. ಪದ ಸಿಗದೆ ಕೈಯಿಂದ ತೋರಿಸುವ ಸಂಕಟ ಎಂಥದೆಂದು ಆ ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

ಐದನೆಯ ವಾರ ಮತ್ತೆ ತೋರಿಸಲು ಹೋದಾಗ ವೈದ್ಯರು ಬಹಳ ಹೊತ್ತು ಯೋಚಿಸಿದರು. ಹರೆಯದಲ್ಲಿ ಅವರು ಮುಂಬೈ ಕಡೆ, ಕೆಲಸಕ್ಕಾಗಿ ಸಮುದ್ರದ ತಳಕ್ಕೆ ಮುಳುಗುವವರಿಗೆ ಚಿಕಿತ್ಸೆ ಕೊಡುವ ಜಾಗದಲ್ಲಿ ಕೆಲಸ ಮಾಡಿದ್ದರಂತೆ. ಅಲ್ಲಿ ಕಬ್ಬಿಣದ ದೊಡ್ಡ ಪೀಪಾಯಿಯಂಥ ಕೋಣೆ. ಅದರೊಳಗೆ ಕೂರಿಸಿ, ಗಾಳಿಯ ಒತ್ತಡ ಏರಿಸಿ, ಶುದ್ಧ ಆಕ್ಸಿಜನ್ ಉಸಿರಾಡಿಸುತ್ತಾರೆ. ತಲೆಗೆ ಪೆಟ್ಟಾದವರಿಗೂ ಅದರಿಂದ ಉಪಯೋಗ ಆದೀತೇ ಎಂದು ಕೆಲವು ವೈದ್ಯರು ನೋಡುತ್ತಿದ್ದಾರೆ ಎಂದು ಅವರು ಕೇಳಿದ್ದರು.

"ಆ ಕೋಣಿ ನನ್ನ ಕಡೆ ಇಲ್ಲ" ಅಂದರು. "ಒಂದ ಸಿಲಿಂಡರ್ ಐತಿ, ಮುಖಕ್ಕ ಹಾಕೂ ಮಾಸ್ಕ್ ಐತಿ. ದಿನಾ ಒಂದ ತಾಸು, ಹತ್ತ ದಿನ ಕೊಟ್ಟ ನೋಡೂಣು. ಹಿಂಗ ಕೊಟ್ರ ವಾಸಿ ಆಗ್ತೈತಿ ಅಂತ ಯಾರೂ ಸಾಬೀತ ಮಾಡಿಲ್ಲ. ನಾನು ಸುಳ್ಳ ಹೇಳಂಗಿಲ್ಲ. ಇಷ್ಟು ಕೊಟ್ರ ಕೇಡಂತೂ ಆಗಲಿಕ್ಕಿಲ್ಲ. ಬರ್ತೀರೇನು?"

ಇವರು ನನ್ನ ಕಡೆ ನೋಡಿದರು. ತಾಯಿಯ ಕಡೆಯಲ್ಲ, ತಂದೆಯ ಕಡೆಯಲ್ಲ. ನಾನು ತಲೆಯಾಡಿಸಿದೆ. ಆ ಸಲ ಪೂರ್ತಿ ತಿಳಿದೇ ಆಡಿಸಿದ್ದೆ.

ಮರುದಿನದಿಂದ ಮಧ್ಯಾಹ್ನದ ಬಸ್ಸು. ಅತ್ತೆಗೆ ಮೊಣಕಾಲು ನೋವು, ಮಾವನಿಗೆ ಕಬ್ಬಿಗೆ ನೀರು ಹಾಯಿಸುವ ಪಾಳಿ. ಹಾಗಾಗಿ ಜೊತೆಗೆ ಹೋಗುವ ಕೆಲಸ ನನಗೆ ಬಂತು. ಬಿಸಿಲಿಗೆ ಅವರು ಕಣ್ಣು ಬಿಡುತ್ತಿರಲಿಲ್ಲ. ಟವೆಲ್ಲನ್ನು ಹಣೆಯಿಂದ ಮೂಗಿನವರೆಗೆ ಇಳಿಬಿಟ್ಟು ನನ್ನ ಕೈ ಹಿಡಿದು ನಡೆಯುತ್ತಿದ್ದರು. ಗಂಡಹೆಂಡತಿ ಊರ ಮುಂದೆ ಕೈ ಹಿಡಿದು ನಡೆಯುವ ಕಾಲ ಅದಲ್ಲ. ನಿಲ್ದಾಣದಲ್ಲಿ ಕೂತವರು ಮಾತು ನಿಲ್ಲಿಸಿ ನೋಡಿದರು. ಮೊದಲ ದಿನ ನಾನು ಬೆವತುಹೋದೆ. ಮೂರನೆಯ ದಿನಕ್ಕೆ, ನೋಡುವವರು ನೋಡಲಿ ಎನಿಸಿತು. ಅವರ ಅಂಗೈ ಒರಟಾಗಿತ್ತು, ಹಿಡಿತ ಮಾತ್ರ ಮಕ್ಕಳ ಹಿಡಿತದ ಹಾಗಿತ್ತು.

ಆಸ್ಪತ್ರೆಯ ಕೊನೆಯ ಕೋಣೆಯಲ್ಲಿ ಒಂದು ಮಂಚ, ಅದರ ಪಕ್ಕ ಆಳೆತ್ತರದ ಕಪ್ಪು ಸಿಲಿಂಡರ್, ಅದರ ಪಕ್ಕ ನನಗೊಂದು ಸ್ಟೂಲು. ಮೂಗುಬಾಯಿ ಮುಚ್ಚುವ ಮಾಸ್ಕ್ ಹಾಕಿ, ಗಾಜಿನ ಬಾಟಲಿಯ ನೀರಿನಲ್ಲಿ ಗುಳ್ಳೆ ಏಳುವುದನ್ನು ನರ್ಸಮ್ಮ ನನಗೆ ತೋರಿಸಿದರು. "ಗುಳ್ಳಿ ನಿಂತ್ರ ನನ್ನ ಕರೀರಿ. ಮಾಸ್ಕ್ ಜಾರಿದ್ರ ಸರಿ ಮಾಡ್ರಿ. ಈ ಕೋಣ್ಯಾಗ ಬೆಂಕಿ ಕಡ್ಡಿ, ದೀಪ, ಬೀಡಿ ಏನೂ ಬರಬಾರ್ದು. ಆಕ್ಸಿಜನ್ ಇದ್ದಲ್ಲಿ ಕಿಡಿ ಬಿದ್ರ ಮುಗೀತು." ಎರಡನೆಯ ದಿನ ನೋಡಲು ಬಂದ ಮಾವ ಬಾಗಿಲಲ್ಲೇ ಬೀಡಿ ತೆಗೆದಿದ್ದರು. ನಾನು ಮಾತು ಹುಡುಕುತ್ತ ಕೂರದೆ ಅವರ ಕೈಯಿಂದ ಬೀಡಿಯನ್ನೇ ಕಿತ್ತುಕೊಂಡೆ. ಸೊಸೆ ಹಾಗೆ ಮಾಡಿದ್ದಕ್ಕೆ ಅವರು ಗಾಬರಿಯಾಗಿ ಹೊರಗೆ ಹೋಗಿ ಕೂತರು. ಸಂಜೆ ಅತ್ತೆಗೆ ಹೇಳಿದರಂತೆ, "ಹುಡುಗಿ ಜೋರ ಅದಾಳ."

ಒಂದು ತಾಸು ಸುಮ್ಮನೆ ಕೂರುವುದು ಹೇಗೆ? ಮಾಸ್ಕ್ ಇದ್ದುದರಿಂದ ಅವರಿಗೆ ಹೆಚ್ಚು ಮಾತಾಡಲು ಬರುತ್ತಿರಲಿಲ್ಲ, ಕನ್ನಡ ಇಲ್ಲದ್ದರಿಂದ ನನಗೆ ಬರುತ್ತಿರಲಿಲ್ಲ. ವೈದ್ಯರೇ ದಾರಿ ಹೇಳಿದರು. "ಕಣ್ಣಿಗಿ ಕಾಣೂದನ್ನ ತೋರಿಸಿ ಇದಕ್ಕ ಏನಂತಾರ ಅಂತ ಕೇಳ್ರಿ. ಅವಸರ ಮಾಡಬ್ಯಾಡ್ರಿ. ತಲಿ ನೋಯಾಕತ್ರ ನಿಲ್ಲಸ್ರಿ."

ನಾನು ಗೋಡೆಯ ಮೇಲಿನ ಹಲ್ಲಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಮಾಸ್ಕಿನೊಳಗಿಂದ "ಹಲ್ಲಿ" ಅಂದರು. ನಾನೂ "ಹಲ್ಲಿ" ಅಂದೆ. ಸಾಲು ಹಿಡಿದ ಇರುವೆ ತೋರಿಸಿದೆ. "ಇರಿವಿ." ನಾನೂ "ಇರಿವಿ" ಅಂದೆ. ಅವರು ಹುಬ್ಬು ಗಂಟಿಕ್ಕಿ, ಮಾಸ್ಕ್ ಸ್ವಲ್ಪ ಸರಿಸಿ ಕೇಳಿದರು:

"ನನ್ನ ಪರೀಕ್ಷಾ ಮಾಡಾಕತ್ತಿಯೇನು?"

"ಇಲ್ರಿ. ಮಲಾ... ನನಗ ಖರೇನ ಗೊತ್ತಿಲ್ರಿ" ಅಂದೆ.

ಅವರು ನನ್ನನ್ನು ಹೊಸದಾಗಿ ನೋಡುವವರಂತೆ ನೋಡಿದರು. ಮದುವೆಯಾದಾಗಿನಿಂದ ಈಕೆ ಮಾತಾಡದೆ ಇದ್ದದ್ದು ಸಿಟ್ಟಿಗಲ್ಲ, ಬಿಂಕಕ್ಕಲ್ಲ ಎಂದು ಅವರಿಗೆ ಹೊಳೆದದ್ದು ಆಗಲೇ. ಇದನ್ನು ಅವರೇ ಬಹಳ ವರ್ಷದ ಮೇಲೆ ನನಗೆ ಹೇಳಿದರು. ಅಂದಿನಿಂದ ಅವರು ಪದ ಹುಡುಕುವುದು ತಮಗಾಗಿ ಅಲ್ಲ, ನನಗಾಗಿ ಎಂಬಂತೆ ಹುಡುಕತೊಡಗಿದರು. ಸಿಗದಿದ್ದರೆ ಸಿಡುಕುತ್ತಿರಲಿಲ್ಲ. "ತಡಿ, ಬರ್ತೈತಿ" ಎಂದು ಬೆರಳೆತ್ತಿ ಕಾಯುತ್ತಿದ್ದರು.

ನಾಲ್ಕನೆಯ ದಿನ ಕಿಟಕಿಯ ಸರಳಿನ ಮೇಲೆ ಗುಬ್ಬಿಯೊಂದು ಬಂದು ಕೂತಿತು. ನನಗೆ ಖುಷಿಯಾಗಿ, "ನೋಡ್ರಿ, ಚಿಮಣಿ! ಕಿಡಕ್ಯಾಗ ಚಿಮಣಿ!" ಎಂದು ಕೂಗಿದೆ. ಮರಾಠಿಯಲ್ಲಿ ಗುಬ್ಬಿಗೆ ಚಿಮಣಿ ಅನ್ನುತ್ತಾರೆ. ಈ ಕಡೆಯ ಕನ್ನಡದಲ್ಲಿ ಚಿಮಣಿ ಎಂದರೆ ಎಣ್ಣೆಯ ದೀಪ. ಹೊರಗಿದ್ದ ನರ್ಸಮ್ಮನಿಗೆ ಅಷ್ಟೇ ಕೇಳಿಸಿ, "ಯಾರ‍್ರೀ ಒಳಗ ಚಿಮಣಿ ಇಟ್ಟವ್ರು! ಆರಸ್ರಿ! ಆರಸ್ರಿ!" ಎಂದು ಬಕೆಟ್ಟು ಹಿಡಿದುಕೊಂಡೇ ನುಗ್ಗಿದರು. ಗುಬ್ಬಿ ಹಾರಿಹೋಯಿತು. ನಾನು ಬರಿದಾದ ಕಿಟಕಿಯನ್ನು ತೋರಿಸುತ್ತ "ಹಾರಿ ಹೋತು" ಅಂದೆ. ನರ್ಸಮ್ಮ, "ಚಿಮಣಿ ಹಾರಿ ಹೋತ?" ಎಂದು ನನ್ನ ಹಣೆ ಮುಟ್ಟಿ ನೋಡಲು ಬಂದರು.

ಮಂಚದ ಮೇಲಿಂದ ಗೊರಗೊರ ಸದ್ದು ಬಂತು. ಉಸಿರು ಕಟ್ಟಿತೆಂದು ಹೆದರಿ ತಿರುಗಿದೆ. ಅವರು ನಗುತ್ತಿದ್ದರು. ಮಾಸ್ಕಿನ ಒಳಗೆಲ್ಲ ಹಬೆ ಕಟ್ಟಿತ್ತು, ಕಣ್ಣಲ್ಲಿ ನೀರು. ತಲೆ ನೋಯುತ್ತದೆಂದು ಎರಡೂ ಕೈಯಿಂದ ತಲೆ ಹಿಡಿದುಕೊಂಡೇ ನಗುತ್ತಿದ್ದರು. "ಗುಬ್ಬಿ" ಅಂದರು ಕೊನೆಗೆ. "ಅದು ಗುಬ್ಬಿ. ಆಕಿ ಅನ್ನಾಕತ್ತಿದ್ದು ಗುಬ್ಬಿರಿ, ಸಿಸ್ಟರ್." ಆ ಪೆಟ್ಟು ಬಿದ್ದಮೇಲೆ ಅವರು ನಕ್ಕದ್ದು ಅದೇ ಮೊದಲು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದೂ ಅದೇ ಮೊದಲು.

ಏಳನೆಯ ದಿನ ಪಕ್ಕದ ಕೋಣೆಯಲ್ಲಿ ಹೆರಿಗೆ. ಅಲಖನೂರಿನಿಂದ ಬಂದ ಹೆಣ್ಣುಮಗಳು, ಚೊಚ್ಚಿಲು. ನಾವು ಹೋಗುವಷ್ಟರಲ್ಲೇ ಆಕೆಯ ನರಳಾಟ ಕೇಳುತ್ತಿತ್ತು. ಇವರಿಗೆ ಮಾಸ್ಕ್ ಹಾಕಿ ಅರ್ಧ ತಾಸು ಆಗಿರಬಹುದು, ಆ ಕಡೆ ಎಲ್ಲ ಒಮ್ಮೆಲೆ ಸ್ತಬ್ಧವಾಯಿತು. ಕೂಸು ಅಳುವ ಸದ್ದು ಬರಲಿಲ್ಲ. ನರ್ಸಮ್ಮ ಓಡುವ ಹೆಜ್ಜೆ, ವೈದ್ಯರ ದನಿ: "ಇನ್ನೊಂದ ಸಿಲಿಂಡರ್?" "ಖಾಲಿ ಐತಿ ಸರ್. ಬೆಳಗಾವಿ ಗಾಡಿ ಬಂದಿಲ್ಲ."

ಬಾಗಿಲಲ್ಲಿ ವೈದ್ಯರು ಕಾಣಿಸಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಮಾಸ್ಕ್ ತೆಗೆದು ಮಂಚದಿಂದ ಇಳಿದಿದ್ದರು. ಸಿಲಿಂಡರನ್ನು ಎರಡೂ ಕೈಯಿಂದ ತಬ್ಬಿ ವಾಲಿಸಿದರು.

"ನೀವು ಎತ್ತಬ್ಯಾಡ್ರಿ! ನಿಮಗ ಭಾರ ಎತ್ತಬಾರ್ದಂತ ಹೇಳೇನಿ!" ಎಂದು ವೈದ್ಯರು ಗದರಿದರು.

"ಎತ್ತಾಕತ್ತಿಲ್ರಿ, ಉಳ್ಳಸಾಕತ್ತೇನಿ. ನೀವು ಕೂಸಿನ ಕಡೆ ಹೋಗ್ರಿ. ನಾವಿಬ್ರು ತರ್ತೀವಿ."

ನಾನು ಇನ್ನೊಂದು ಕಡೆ ಹಿಡಿದೆ. ಅದರ ತಳದ ಅಂಚಿನ ಮೇಲೆ ಹೊರಳಿಸುತ್ತ, ಹೊಸ್ತಿಲ ಹತ್ತಿರ ನರ್ಸಮ್ಮನೂ ಕೈ ಹಾಕಿ, ಪಕ್ಕದ ಕೋಣೆಗೆ ಮುಟ್ಟಿಸಿದೆವು. ಕೂಸು ನೀಲಿಯಾಗಿತ್ತು, ಅಂಗೈಯಗಲದ ಎದೆ. ವೈದ್ಯರು ಬೆನ್ನು ಉಜ್ಜುತ್ತ, ಮೂಗಿನ ಬಳಿ ನಳಿಗೆ ಹಿಡಿದರು. ಅಷ್ಟು ನೋಡಿ ನಾವು ಹೊರಗೆ ಬಂದು ಪಡಸಾಲೆಯ ನೆಲದ ಮೇಲೆ ಕೂತೆವು. ಇವರ ಮುಖ ಬಿಳಿಚಿತ್ತು, ತಲೆ ಸಿಡಿಯುತ್ತಿರಬೇಕು. ನನ್ನ ಹೆಗಲಿಗೆ ಒರಗಿದರು. ಹಗಲು, ಹತ್ತು ಜನರ ಮುಂದೆ. ನಾನು ಅಲುಗದೆ ಕೂತೆ. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಕೀರಲು ದನಿಯಲ್ಲಿ ಅಳು ಬಂತು, ಆಮೇಲೆ ಜೋರಾಯಿತು. ಆ ಬಾಣಂತಿಯ ತಾಯಿ ಹೊರಗೆ ಬಂದು ಇವರ ಎರಡೂ ಪಾದ ಹಿಡಿದರು. ಇವರು ಗಾಬರಿಯಾಗಿ ಕಾಲು ಎಳೆದುಕೊಂಡರು.

ಸಿಲಿಂಡರಿನಲ್ಲಿ ಉಳಿದದ್ದು ಆ ಕೂಸಿಗೇ ಹೋಯಿತು. ಹೊಸದು ಬಂದದ್ದು ಎಂಟು ದಿನದ ಮೇಲೆ. ಅಷ್ಟರಲ್ಲಿ ಇವರು ಬಾಗಿಲು ತೆರೆದಿಟ್ಟು ಮಲಗತೊಡಗಿದ್ದರು. ಮಾತು ತಡವರಿಸುವುದು ಕಡಿಮೆಯಾಗಿತ್ತು. ಒಂದು ಬೆಳಿಗ್ಗೆ ತಾವೇ ಎಮ್ಮೆಗಳ ಮೈ ತೊಳೆಯಲು ಹೋದರು.

ಮತ್ತೆ ತೋರಿಸಲು ಹೋದಾಗ ಮಾವ ಕೈ ಮುಗಿದು, "ನಿಮ್ಮ ಆಕ್ಸಿಜನ್ ಉಳಿಸಿತು ನೋಡ್ರಿ" ಅಂದರು. ವೈದ್ಯರು ಕನ್ನಡಕ ತೆಗೆದು ಒರೆಸಿದರು.

"ಹಂಗಂತ ಹೇಳಾಕ ನನಗ ಬರೂದಿಲ್ಲ, ಯಜಮಾನ್ರ. ಹತ್ತ ದಿನ ಅಂದಿದ್ದೆ, ಏಳಕ್ಕ ನಿಂತಿತು. ಆರು ವಾರ ಮಲಗಿದ್ದಕ್ಕ ವಾಸಿ ಆತೋ, ಆಕ್ಸಿಜನ್‌ದಿಂದ ಆತೋ, ದಿನಾ ಕೂತ ಮಾತಾಡಿಸಿದ್ದಕ್ಕ ಆತೋ, ಯಾರಿಗೆ ಗೊತ್ತು? ಏನೂ ಕೊಡದಿದ್ರೂ ಆಗ್ತಿತ್ತೇನೋ. ಆದ್ರ ಒಂದ ಮಾತು ಗೊತ್ತಿದ್ದು ಹೇಳತೇನಿ. ಕಬಡ್ಡಿ ಸಾಕು."

ಕೊನೆಯ ಮಾತು ಇವರಿಗೆ ಹಿಡಿಸಲಿಲ್ಲ. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕೂತರು.

ದೀಪಾವಳಿ ಕಳೆದ ಮೇಲೆ ಅಥಣಿಯಲ್ಲಿ ದೊಡ್ಡ ಪಂದ್ಯಾವಳಿ ಇತ್ತು. ಅದಕ್ಕೆ ನಾಲ್ಕು ದಿನ ಮೊದಲು ತಂಡದ ನಾಯಕ ಮನೆಗೆ ಬಂದ. ಊರಲ್ಲಿ ಹಿಟ್ಟಿನ ಗಿರಣಿ ನಡೆಸುವವನು, ಇವರ ಬಾಲ್ಯದ ಗೆಳೆಯ. ಮೈತುಂಬ ಹಿಟ್ಟು ಮೆತ್ತಿಕೊಂಡೇ ಬಂದು ಕಟ್ಟೆಯ ಮೇಲೆ ಕೂತ. ಚಹಾ ಕೊಟ್ಟರೆ ಕುಡಿಯಲಿಲ್ಲ.

"ನಿನ್ನ ಕರಕೊಂಡ ಬಾ ಅಂತ ಎಲ್ಲಾರೂ ಕಳಿಸ್ಯಾರ" ಅಂದ. ಇವರ ಮುಖ ಅರಳಿತು. "ನಾ ಮಾತ್ರ ಬರಬ್ಯಾಡ ಅನ್ನಾಕ ಬಂದೇನಿ."

"ಯಾಕಲೇ?"

"ಅವತ್ತ ಬಡದದ್ದು ನನ್ನ ಮೊಣಕಾಲು." ಅವನು ತಲೆ ತಗ್ಗಿಸಿದ. "ನಿನಗ ಯಾರೂ ಹೇಳಿಲ್ಲ. ನಾನೂ ಹೇಳಿಲ್ಲ. ನಿನ್ನ ಕೋಣಿ ಬಾಗಿಲ ತನಕ ಬಂದ ಹೊಳ್ಳಿ ಹೋಗೇನಿ, ಎಷ್ಟೋ ಸಲ. ಇನ್ನೊಂದ ಸಲ ಹಂಗಾದ್ರ ನಾ ತಿರಗೂ ಗಿರಣಿ ಪಟ್ಟಾಕ್ಕ ಕೈ ಕೊಡತೇನಿ."

ಇವರು ಸಿಟ್ಟಿಗೆದ್ದರು. ಬಂದದ್ದು ಮೊಣಕಾಲಿನ ಮೇಲಿನ ಸಿಟ್ಟಲ್ಲ. "ನನ್ನ ಆಟ ನಾ ಬಿಡತೇನಿ, ಇಲ್ಲಾ ಆಡತೇನಿ. ಡಾಕ್ಟರ್ ಒಬ್ಬ ಹೇಳಾವ, ನೀ ಒಬ್ಬ ಹೇಳಾವ" ಎಂದು ಎದ್ದು ಹೋದರು. ನನಗೂ ಹೇಳುವುದಿತ್ತು. ಅಷ್ಟು ಹೊತ್ತಿಗೆ ಕನ್ನಡವೂ ಸಾಕಷ್ಟು ಬಂದಿತ್ತು. ಹೇಳಲಿಲ್ಲ. ಕಾಳಿನ ಕೋಣೆಯಲ್ಲಿ ಒಂದು ಮಾತಿಗಾಗಿ ಅವರು ಪಟ್ಟ ಪಾಡು ಅವರಿಗೆ ನೆನಪಿಲ್ಲದೆ ಇಲ್ಲ, ಅದನ್ನು ನಾನೇಕೆ ಎತ್ತಿ ಆಡಲಿ ಅನಿಸಿತು.

ಪಂದ್ಯದ ದಿನ ಚಡ್ಡಿ, ಬನಿಯನ್ನು ಚೀಲದಲ್ಲಿ ಹಾಕಿಕೊಂಡು ಟೆಂಪೋ ಹತ್ತಿದರು. ಆ ದಿನ ನಾನೂ ಅತ್ತೆಯೂ ಮಾಡಿದ ಅಡುಗೆಗೆ ಉಪ್ಪು ಬಿತ್ತೋ ಇಲ್ಲವೋ ಇಬ್ಬರಿಗೂ ನೆನಪಿಲ್ಲ. ಇಳಿಹೊತ್ತಿಗೆ ಟೆಂಪೋ ಬಂದಾಗ ಅತ್ತೆ ಮಗನ ಮುಖವನ್ನೂ ನೋಡದೆ ಚೀಲ ಕಸಿದುಕೊಂಡು ಬಟ್ಟೆ ಹೊರಗೆಳೆದರು. ನಾನು ಮಡಚಿಟ್ಟ ಮಡಿಕೆ ಹಾಗೇ ಇತ್ತು.

"ಮಣ್ಣ ಹತ್ತಿಲ್ಲ" ಅಂದರು ಅತ್ತೆ. ಬಟ್ಟೆಯನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದರು.

ಇವರು ಕಟ್ಟೆಯ ಮೇಲೆ ಕೂತು ನೀರು ಕೇಳಿದರು. ನಾನು ಕೇಳದೆಯೇ ಹೇಳಿದರು. "ಗೆರಿ ಮಟ ಹೋದೆ. ಒಬ್ಬ ಜೋರಾಗಿ ಒಳಗ ಬಂದ. ಹೊರಗ ನಿಂತಿದ್ರೂ ನನ್ನ ಎರಡೂ ಕೈ ತಲಿ ಮ್ಯಾಲೆ ಹೋದ್ವು, ತಾವ. ಆಮೇಲೆ ಬಟ್ಟಿ ಬಿಚ್ಚಲಿಲ್ಲ." ನೀರು ಕುಡಿದು ಲೋಟ ಕೆಳಗಿಟ್ಟು, "ಬ್ಯಾಸರ ಆಗೈತಿ" ಅಂದರು. ನಾನು ಪಕ್ಕದಲ್ಲಿ ಕೂತೆ. ಆ ಬೇಸರ ಒಂದು ದಿನದ್ದಲ್ಲ. ಎರಡು ಮೂರು ವರ್ಷ ಅವರು ಕಬಡ್ಡಿ ನಡೆಯುವ ಬಯಲಿನ ಕಡೆಯ ದಾರಿ ಹಿಡಿಯಲಿಲ್ಲ.

ಆಮೇಲೆ ಶಿಳ್ಳೆ ಹಿಡಿದರು. ಸುತ್ತಲಿನ ಊರವರು ಅವರನ್ನು ಪಂದ್ಯದ ತೀರ್ಪು ಹೇಳುವ ಪಂಚರಾಗಿ ಕರೆಯತೊಡಗಿದರು. ತೊಂಬತ್ತರ ದಶಕದ ನಡುವಿನಲ್ಲಿ ಕಾಗವಾಡದಲ್ಲಿ ಹೆಣ್ಣುಮಕ್ಕಳ ಪಂದ್ಯ. ಅಲ್ಲಿ ನನ್ನ ಸೋದರತ್ತೆ ಇದ್ದುದರಿಂದ ನಾನೂ ಹೋಗಿದ್ದೆ. ಒಬ್ಬ ಕಾಲೇಜು ಹುಡುಗಿ ಹಿಂದಕ್ಕೆ ಬಿದ್ದು ತಲೆ ನೆಲಕ್ಕೆ ಬಡಿಯಿತು. ಎದ್ದು ನಿಂತು, ಆಡುತ್ತೇನೆ ಅಂದಳು. ಗೆಲ್ಲಲು ಎರಡೇ ಪಾಯಿಂಟು ಬೇಕಿತ್ತು. ಇವರು ಶಿಳ್ಳೆ ಊದಿ ಆಕೆಯನ್ನು ಹೊರಗೆ ಕಳಿಸಿದರು. ಜನ ಕೂಗಾಡಿದರು, ಯಾರೋ ಚಪ್ಪಲಿಯನ್ನೂ ಎಸೆದರು. ಇವರು ಗೆರೆಯ ಬಳಿ ನಿಂತಲ್ಲಿಂದ ಅಲುಗಲಿಲ್ಲ. "ಆಟ ನಾಳೆ ಐತಿ. ಈಕಿ ಇವತ್ತ ಆಡಂಗಿಲ್ಲ" ಎಂದಷ್ಟೇ ಅಂದರು.

ಆಕೆಯ ತಾಯಿ ಹೊಲದ ಕೆಲಸ ಬಿಟ್ಟು ಓಡಿಬಂದಿದ್ದಳು. ಹುಡುಗಿಯನ್ನು ಕರೆದೊಯ್ದ ಆಸ್ಪತ್ರೆಯ ಹೊರಗೆ ಇವರ ಕೈ ಹಿಡಿದು ಕೇಳಿದಳು, "ಅಣ್ಣಾರ, ನಿಮಗ ಆಕ್ಸಿಜನ್ ಹಚ್ಚಿ ವಾಸಿ ಮಾಡಿದ್ರಂತ. ನನ್ನ ಮಗಳಿಗೂ ಹಚ್ಚಾಕ ಹೇಳ್ರಿ."

ಒಳಗಿನ ವೈದ್ಯೆ ಆಗಷ್ಟೇ ಅದರ ಅಗತ್ಯ ಇಲ್ಲ, ಮನೆಯಲ್ಲಿ ವಿಶ್ರಾಂತಿ ಸಾಕು, ವಾಂತಿ ಹೆಚ್ಚಾದರೆ ಕೂಡಲೇ ಬನ್ನಿ ಎಂದು ಹೇಳಿ ಕಳಿಸಿದ್ದರು. ನನ್ನ ಗಂಡ ಆ ತಾಯಿಯನ್ನು ಬೆಂಚಿನ ಮೇಲೆ ಕೂರಿಸಿದರು.

"ಅದರಿಂದ ವಾಸಿ ಆತಂತ ನನಗೂ ಗೊತ್ತಿಲ್ಲ, ಅಕ್ಕಾ. ಕೊಟ್ಟ ಡಾಕ್ಟರಿಗೂ ಗೊತ್ತಿರಲಿಲ್ಲ. ಇಲ್ಲಿ ಡಾಕ್ಟರ್ ಹೇಳಿದಂಗ ಮಾಡ್ರಿ. ಒಂದಷ್ಟ ದಿನ ಓದಾಕ ಹಚ್ಚಬ್ಯಾಡ್ರಿ, ಹೊಲಕ್ಕ ಕಳಸಬ್ಯಾಡ್ರಿ. ಸಿಡುಕತಾಳ, ಅಳತಾಳ. ಬೈಬ್ಯಾಡ್ರಿ. ಹತ್ರ ಯಾರಾರ ಕೂತಿರ್ರಿ."

ತಾಯಿ ಕೇಳಿಸಿಕೊಂಡಳು. ಒಂದೊಂದಕ್ಕೂ ಹೌದ್ರಿ, ಹೌದ್ರಿ ಎಂದಳು. ಆಮೇಲೆ ನಾವು ಊಟ ಮಾಡದೆ ಹೋಗಕೂಡದು ಎಂದು ಹಟ ಹಿಡಿದಳು. ಅವರದು ಎರಡೇ ಕೋಣೆಯ ಮನೆ. ಒಳಗಿನ ಕೋಣೆಯಲ್ಲಿ ಹುಡುಗಿಯನ್ನು ಮಲಗಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಹೊರಗೆ ಒಲೆಯ ಮುಂದೆ ರೊಟ್ಟಿ ಬಡಿಯಲು ಕೂತಳು. ಮಗಳಿಗೆ ಸದ್ದು ಆಗಬಾರದೆಂದು ಅಂಗೈಯಿಂದ ಒಂದಿಷ್ಟೂ ಸಪ್ಪಳವಾಗದ ಹಾಗೆ ಒತ್ತಿ ಒತ್ತಿ ರೊಟ್ಟಿ ಮಾಡುತ್ತಿದ್ದಳು. ನಾನು ಎದ್ದು ಹೋಗಿ ಒಲೆಯ ಉರಿ ನೋಡಿಕೊಂಡೆ. ಇವರು ಚಪ್ಪಲಿ ಹೊರಗೆ ಬಿಟ್ಟು, ಸದ್ದಿಲ್ಲದೆ ಬಂದು ಗೋಡೆಗೆ ಒರಗಿ ಕೂತು, ಮೂರು ರೊಟ್ಟಿ ತಿಂದರು.